ರಿಜಿಸ್ಟರಿನಲ್ಲಿ ಅವರ ಹೆಸರು

ನಮ್ಮ ಮದುವೆಗೆ ಎಂಟು ದಿನ ಇದ್ದಾಗ, ಆಸ್ಪತ್ರೆಯ ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತು, ನನ್ನ ಕೈ ಹಿಡಿಯಲಿದ್ದವರು ನನ್ನಿಂದ ಒಂದು ಮಾತು ತಗೊಂಡರು, ಒಂದು ಮಾತು ಕೊಟ್ಟರು. ಅವರ ಹೆಸರನ್ನು ನಾನು ಯಾವತ್ತೂ ಲ್ಯಾಬಿನ ರಿಜಿಸ್ಟರಿನಲ್ಲಿ ಹುಡುಕಬಾರದು, ಇದು ನಾನು ಕೊಟ್ಟ ಮಾತು. ಮೈಗೆ ಏನೇ ಆದರೂ ಮೊದಲು ನನಗೇ ಹೇಳುತ್ತಾರೆ, ಇದು ಅವರು ಕೊಟ್ಟದ್ದು.

ಕಾರಣ ನಮ್ಮಪ್ಪ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಅಪ್ಪನ ಹೆಸರು ರಿಜಿಸ್ಟರಿನಲ್ಲಿ ಕಣ್ಣಿಗೆ ಬಿತ್ತು. ಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ ಕೇಳಿಬಿಟ್ಟೆ. ಅಪ್ಪನ ಮುಖ ಕಳ್ಳ ಸಿಕ್ಕಿಬಿದ್ದ ಹಾಗಾಯಿತು. ಅವತ್ತಿನಿಂದ ಅಪ್ಪ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಐದು ತಿಂಗಳಲ್ಲಿ ತೀರಿಹೋದರು. ಮೆಟ್ಟಿಲ ಮೇಲೆ ಇದನ್ನೆಲ್ಲ ಕೇಳಿದ ಮೇಲೆ ಇವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ನಂದು ಹುಡುಕಬೇಡ ಕಣೆ. ಹುಡುಕೋ ಕಷ್ಟ ನಿಂಗ್ಯಾಕೆ? ನಾನೇ ಬಾಯಿಬಿಟ್ಟು ಹೇಳ್ತೀನಿ."

ಅವರು ಬಟ್ಟೆ ಗಿರಣಿಯ ಬಣ್ಣದ ವಿಭಾಗದಲ್ಲಿ ಮೇಸ್ತ್ರಿ. ಉಗುರಿನ ಬುಡದಲ್ಲಿ ನೀಲಿ ಇರುವ ಕೈ. ಒಂದೇ ಕೆಂಪಿನಲ್ಲಿ ಹದಿನೈದು ಕೆಂಪು ಇದೆ ಅಂತ ವಾದ ಮಾಡುವ ಮನುಷ್ಯ. ನಾನು ಲ್ಯಾಬಿನ ಕಲ್ಚರ್ ಕೋಣೆಯಲ್ಲಿ ಕೆಲಸ ಮಾಡುವವಳು. ರೋಗಿಗಳ ರಕ್ತ, ಕೀವು, ಉಗುಳು ತಟ್ಟೆಗಳಲ್ಲಿ ಹಚ್ಚಿ, ಬೆಚ್ಚಗೆ ಇಟ್ಟು, ಯಾವ ಕ್ರಿಮಿ ಬೆಳೆಯುತ್ತದೆ ಎಂದು ನೋಡುವುದು ನನ್ನ ಹೊಟ್ಟೆಪಾಡು. ಹದಿನಾಲ್ಕು ವರ್ಷ ನಾನು ಕೊಟ್ಟ ಮಾತನ್ನು ಚಾಚೂ ತಪ್ಪದೆ ನಡೆಸಿದೆ. ನನ್ನ ಕೆಲಸವೇ ನಂಬರು ನೋಡುವುದು, ಹೆಸರು ನೋಡುವುದಲ್ಲ, ಎಂದು ಅಭ್ಯಾಸ ಮಾಡಿಕೊಂಡೆ.

ಮೊನ್ನೆ ಬೇಸಿಗೆಯಲ್ಲಿ ಅವರ ಎಡಮಂಡಿಯ ಹಿಂದೆ ಒಂದು ಊತ ಬಂತು. ಮೊದಲು ನಿಂಬೆಹಣ್ಣಿನಷ್ಟು. ಸಂಜೆಯಾದರೆ ಸಣ್ಣ ಜ್ವರ. ಬೆಲ್ಟು ಎರಡು ತೂತು ಒಳಗೆ ಹೋಗಿತ್ತು.

"ಇಡೀ ದಿನ ಬಣ್ಣದ ತೊಟ್ಟಿ ಪಕ್ಕ ನಿಂತರೆ ಕಾಲು ಊದದೆ ಮೂಗು ಊದತ್ತಾ?" ಎಂದರು.

"ಜ್ವರ?"

"ಬಿಸಿನೀರಿನ ತೊಟ್ಟಿ ಅಲ್ವಾ, ಅದರ ಕಾವು."

ನಮ್ಮ ಮಗಳಿಗೆ ಹನ್ನೊಂದು ವರ್ಷ. ಅವರು ಗುಬ್ಬಿ ಅಂತ ಕರೆಯುತ್ತಾರೆ. ಅವಳು ಅಪ್ಪನ ಮಂಡಿಯ ಹಿಂದೆ ಇಣುಕಿ ನೋಡಿ, "ಅಪ್ಪಾ, ಇದು ಉಸಿರಾಡ್ತಿದೆ," ಎಂದಳು. ನಾವಿಬ್ಬರೂ ನಕ್ಕೆವು.

ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರು ನೋಡಿ, ಕುರು, ಮಾಗಿದೆ, ಇವತ್ತೇ ಕೊಯ್ದು ಕೀವು ತೆಗೆದರೆ ನಾಳೆ ಕೆಲಸಕ್ಕೆ ಹೋಗಬಹುದು ಎಂದರು. ಇವರು ಬೋರಲಾಗಿ ಮಲಗಿದರು. ಡಾಕ್ಟರು ಅಯೋಡಿನ್ ಹಚ್ಚಿ, ಬ್ಲೇಡಿನ ಪೊಟ್ಟಣ ಹರಿಯುತ್ತಿದ್ದರು. ಕಾಲು ಅಲುಗಾಡದಿರಲಿ ಅಂತ ನಾನು ಮಂಡಿ ಹಿಡಿದೆ. ಬೆರಳು ಊತದ ಮೇಲೆ ಕೂತಿತು. ಅದು ನನ್ನ ಬೆರಳನ್ನು ಮೇಲಕ್ಕೆ ಎತ್ತಿತು, ಬಿಟ್ಟಿತು, ಮತ್ತೆ ಎತ್ತಿತು. ಇನ್ನೊಂದು ಕೈಯಿಂದ ಅವರ ಮಣಿಕಟ್ಟಿನ ನಾಡಿ ಹಿಡಿದೆ. ಎರಡೂ ಒಂದೇ ತಾಳ.

"ಡಾಕ್ಟ್ರೇ, ಕೊಯ್ಯಬೇಡಿ."

"ಯಾಕಮ್ಮ?"

"ಇದು ಮಿಡೀತಾ ಇದೆ. ಕುರು ಮಿಡಿಯಲ್ಲ."

ಡಾಕ್ಟರು ಬೆರಳಿಟ್ಟು ನೋಡಿದರು. ಬ್ಲೇಡನ್ನು ಮೆಲ್ಲಗೆ ಟ್ರೇಯಲ್ಲಿ ಇಟ್ಟು, ಕೈಚೀಲದಿಂದ ನೀರಿನ ಬಾಟಲಿ ತೆಗೆದು ಗಟಗಟ ಕುಡಿದರು. ಆಮೇಲೆ ನಮಗಿಂತ ಅವಸರದಲ್ಲಿ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು.

ದೊಡ್ಡಾಸ್ಪತ್ರೆ ಎಂದರೆ ನಾನು ಕೆಲಸ ಮಾಡುವುದೇ. ಮುಂದಿನ ಕೌಂಟರಿನಲ್ಲಿ, "ಹಳೇ ಕಾರ್ಡ್ ಇದೆಯಾ?" ಎಂದು ಕೇಳಿದರು. ಇವರು "ಇಲ್ಲ, ಇದೇ ಮೊದಲು," ಎಂದರು. ಹೊಸ ಕಾರ್ಡ್ ಮಾಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ರಕ್ತನಾಳಗಳ ಸರ್ಜನ್ ಸ್ಕ್ಯಾನ್ ತೋರಿಸಿ ವಿವರಿಸಿದರು. ಕಾಲಿಗೆ ರಕ್ತ ಒಯ್ಯುವ ದೊಡ್ಡ ನಾಳದ ಗೋಡೆಯಲ್ಲಿ ಯಾವುದೋ ಕ್ರಿಮಿ ಮನೆ ಮಾಡಿದೆ. ಗೋಡೆ ಕೊಳೆತು, ತೆಳುವಾಗಿ, ಹಳೆಯ ಟೈರಿನ ಟ್ಯೂಬಿನ ಹಾಗೆ ಒಂದು ಕಡೆ ಉಬ್ಬಿದೆ. ಕುರು ಅಂತ ಕೊಯ್ದಿದ್ದರೆ ಮೇಜಿನ ಮೇಲೇ ರಕ್ತ ಬಸಿದು ಹೋಗುತ್ತಿತ್ತು. ಈಗ ಆ ತುಂಡನ್ನು ತೆಗೆಯಬೇಕು, ಬಲಗಾಲಿನಿಂದ ಒಂದು ನಾಳ ತಂದು ಅಲ್ಲಿ ಹಾಕಬೇಕು, ಮತ್ತು ಕ್ರಿಮಿ ಯಾವುದೆಂದು ಹಿಡಿದು ತಿಂಗಳುಗಟ್ಟಲೆ ಔಷಧಿ ಕೊಡಬೇಕು.

"ಇಂಥ ಕ್ರಿಮಿ ಸುಮ್ಮನೆ ರಕ್ತಕ್ಕೆ ಇಳಿಯಲ್ಲ," ಎಂದರು. "ಎಲ್ಲಿಂದಲೋ ಬಂದಿರತ್ತೆ. ಹಿಂದೆ ಏನಾದ್ರೂ ಕಾಯಿಲೆ? ಆಪರೇಷನ್? ಯಾವುದಾದ್ರೂ ಚಿಕಿತ್ಸೆ ತಗೊಂಡಿದ್ರಾ?"

ಇವರು ನನ್ನ ಮುಖ ನೋಡಿದರು. ಭಯಕ್ಕೆ ನೋಡುತ್ತಿದ್ದಾರೆ ಎಂದುಕೊಂಡು ನಾನೇ ಉತ್ತರ ಕೊಟ್ಟೆ.

"ಏನೂ ಇಲ್ಲ ಸರ್. ಇದ್ದಿದ್ರೆ ಮೊದಲು ನಂಗೇ ಗೊತ್ತಾಗ್ತಿತ್ತು."

"ಖಂಡಿತಾನಾ?"

"ನಮ್ಮ ಮನೇಲಿ ಮುಚ್ಚುಮರೆ ಇಲ್ಲ ಸರ್."

ಸರ್ಜನ್ ಹಾಳೆಯಲ್ಲಿ 'ಇಲ್ಲ' ಎಂದು ಬರೆದರು. ಇವರು ಕಿಟಕಿಯ ಕಡೆ ತಿರುಗಿದರು.

ಆಪರೇಷನ್ ಐದು ಗಂಟೆ ಹಿಡಿಯಿತು. ಕಾಲು ಉಳಿಯಿತು. ತೆಗೆದ ನಾಳದ ತುಣುಕು ನಮ್ಮದೇ ಲ್ಯಾಬಿಗೆ ಬಂತು. ನನ್ನ ಜೊತೆಯವಳು, ನಾವೆಲ್ಲ ಕಿರಿಯಕ್ಕ ಅಂತ ಕರೆಯುವವಳು, ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. "ನಿಮ್ಮನೆಯವರದು ನನ್ನ ಕೈಲಿದೆ. ನೋಡ್ತೀಯಾ?"

"ಬೇಡ. ಡಾಕ್ಟ್ರು ಹೇಳಿದಾಗ ಕೇಳ್ತೀನಿ."

"ಅಬ್ಬಾ, ಎಂಥ ಪತಿವ್ರತೆಯಪ್ಪಾ."

"ಮಾತು ಕೊಟ್ಟಿದೀನಿ, ಹೋಗೇ."

ಒಂದು ದಿನ, ಎರಡು ದಿನ, ಐದು ದಿನ. ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲ. ಸರ್ಜನ್ ಸಾಮಾನ್ಯವಾಗಿ ಇಂಥದ್ದಕ್ಕೆ ಕೊಡುವ ದೊಡ್ಡ ದೊಡ್ಡ ಔಷಧಿಗಳನ್ನು ಅಂದಾಜಿನ ಮೇಲೆ ಹಾಕುತ್ತಾ ಹೋದರು. ಜ್ವರ ಮಾತ್ರ ಸಂಜೆ ಹಾಜರಿ ಹಾಕುವುದನ್ನು ಬಿಡಲಿಲ್ಲ. ನಾನು ಬೆಳಿಗ್ಗೆ ಅಡುಗೆ, ಗುಬ್ಬಿಯ ಜಡೆ, ಲ್ಯಾಬು, ಮಧ್ಯಾಹ್ನ ವಾರ್ಡು, ಮತ್ತೆ ಲ್ಯಾಬು, ಸಂಜೆ ವಾರ್ಡು ಅಂತ ಗಾಣದೆತ್ತಿನ ಹಾಗೆ ಸುತ್ತಿದೆ. ಅತ್ತಿಗೆ, ಇವರ ಅಕ್ಕ, ಮಧ್ಯಾಹ್ನಗಳಲ್ಲಿ ಬಂದು ತಮ್ಮನ ಪಕ್ಕ ಕೂರುತ್ತಿದ್ದಳು. ಇವರಿಗಿಂತ ಆರು ವರ್ಷ ದೊಡ್ಡವಳಾದರೂ ನಮಗೆಲ್ಲ ಅವಳು ಚಿಕ್ಕವಳ ಹಾಗೇ ಕಾಣುತ್ತಾಳೆ, ಅಷ್ಟು ಸಣ್ಣ ಮೈ. ಬೀದಿಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ನಾನು ಒಳಗೆ ಹೋದರೆ ಅಕ್ಕತಮ್ಮ ಮಾತು ನಿಲ್ಲಿಸುತ್ತಿದ್ದರು. ನನ್ನ ಮುಂದೆ ಅಳಬಾರದು ಅಂತ ಇರಬೇಕು ಎಂದುಕೊಂಡೆ. ಎಂಥ ಒಳ್ಳೆಯವರು ಎಂದುಕೊಂಡೆ.

ಮೂರನೇ ವಾರ ತೊಡೆಸಂದಿಯಲ್ಲಿ ಇನ್ನೊಂದು ಉಬ್ಬು ಕಾಣಿಸಿತು.

ಸರ್ಜನ್ ನನ್ನನ್ನು ಹೊರಗೆ ಕರೆದರು. "ಇದು ಅದೇ ಕ್ರಿಮಿ, ಮೇಲಕ್ಕೆ ಹತ್ತಿದೆ. ಹೊಸದಾಗಿ ಹಾಕಿದ ನಾಳಕ್ಕೂ ಹಿಡಿದರೆ ಕಾಲು ಹೋಗತ್ತೆ. ಇದು ಒಡೆದರೆ ಮನುಷ್ಯನೇ ಹೋಗ್ತಾನೆ. ಕ್ರಿಮಿ ಯಾವುದು ಅಂತ ಗೊತ್ತಿಲ್ಲದೆ ನಾನು ಕತ್ತಲಲ್ಲಿ ಕಲ್ಲು ಹೊಡೀತಿದೀನಿ. ಇನ್ನೊಂದು ಸಲ ಯೋಚನೆ ಮಾಡಿ. ಏನಾದ್ರೂ ಮರೆತಿದೀರಾ?"

"ಮರೆಯೋಕೆ ಏನಾದ್ರೂ ಇದ್ರೆ ತಾನೇ ಸರ್."

ಅದೇ ಮಧ್ಯಾಹ್ನ ನಾನು ಕೈ ತೊಳೆಯುವ ತೊಟ್ಟಿಯ ಹತ್ತಿರ ನಿಂತಿದ್ದೆ. ಎದುರು ಕೋಣೆಯ ಹಿರಿಯಕ್ಕ ಬಂದಳು. ಅವಳದು ಜೀವಕೋಶ ನೋಡುವ ವಿಭಾಗ, ಕ್ಯಾನ್ಸರ್ ಇದೆಯೋ ಇಲ್ಲವೋ ಹೇಳುವುದು. ಕಣ್ಣಿನ ಆಪರೇಷನ್ ಆಗಿ ಎರಡು ತಿಂಗಳು ರಜೆಯಲ್ಲಿದ್ದವಳು ಅವತ್ತೇ ಮರಳಿದ್ದಳು. ನನ್ನ ಭುಜದ ಮೇಲೆ ಒದ್ದೆ ಕೈಯಿಟ್ಟಳು.

"ಈಗ ಕೇಳಿದೆ ಕಣೆ. ಪಾಪ, ಎಷ್ಟು ಅಂತ ತಡ್ಕೋತೀಯ. ಎರಡು ವರ್ಷದ ಹಿಂದಿನದು ಪೂರ್ತಿ ಹೋಗಿತ್ತಲ್ಲ, ಅದೇನಾದ್ರೂ ಮತ್ತೆ ತಲೆ ಎತ್ತಿತಾ?"

ನಲ್ಲಿ ಓಡುತ್ತಲೇ ಇತ್ತು. ನಾನು ಸಾಬೂನನ್ನು ಬೆರಳ ಸಂದಿಯಲ್ಲಿ ತಿಕ್ಕುತ್ತಲೇ ಇದ್ದೆ.

"ಯಾವುದು?" ಎಂದೆ.

"ಅದೇ, ಮೂತ್ರಕೋಶದ್ದು." ಅವಳು ತಡೆದಳು. "ನಿಂಗೆ ಗೊತ್ತಿಲ್ವಾ?"

"ಗೊತ್ತು," ಎಂದೆ. "ಗೊತ್ತಿಲ್ದೆ ಏನು."

ಯಾಕೆ ಹಾಗಂದೆನೋ. ಗಂಡನ ಕಾಯಿಲೆ ಊರಿಗೆಲ್ಲ ಗೊತ್ತಿದ್ದು ತನಗೊಬ್ಬಳಿಗೆ ಗೊತ್ತಿಲ್ಲ ಎಂದು ಯಾವ ಹೆಂಗಸು ಒಪ್ಪಿಕೊಳ್ಳುತ್ತಾಳೆ? ಅವಳು ನಿಟ್ಟುಸಿರು ಬಿಟ್ಟು, "ನೀನು ಬಾಯಿಬಿಡಲಿಲ್ಲ, ನಾನೂ ಕೆದಕಲಿಲ್ಲ," ಎಂದು ಹೋದಳು.

ಹಳೆಯ ರಿಜಿಸ್ಟರುಗಳು ನೆಲಮಾಳಿಗೆಯ ಕಬ್ಬಿಣದ ಕಪಾಟಿನಲ್ಲಿರುತ್ತವೆ. ನಾನು ಕೀಲಿ ತಗೊಂಡು ಹೋದೆ. ಜೀವಕೋಶ ವಿಭಾಗದ ಎರಡು ವರ್ಷದ ಹಿಂದಿನ ಪುಸ್ತಕ. ಬೆರಳು ಹಚ್ಚಿ, ಹೆಸರಿನ ಸಾಲಿನಲ್ಲಿ ಮೇಲಿನಿಂದ ಕೆಳಗೆ ಓದಿದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.

ಇವರ ಹೆಸರು ಸಿಕ್ಕಿತು. ವಯಸ್ಸು ಸರಿ. ಮಾದರಿ: ಮೂತ್ರ. ಹಾಳೆ ತಿರುವಿದೆ, ಮತ್ತೆ ಸಿಕ್ಕಿತು. ಒಟ್ಟು ನಾಲ್ಕು ಸಲ. ಮೊದಲ ಎರಡರ ಮುಂದೆ ಕ್ಯಾನ್ಸರ್ ಕೋಶ ಇದೆ ಎನ್ನುವ ಗುರುತು, ಆಮೇಲಿನ ಎರಡರಲ್ಲಿ ಇಲ್ಲ. ಷರಾದಲ್ಲಿ ಹಿರಿಯಕ್ಕನ ಮುದ್ದಾದ ಅಕ್ಷರ: 'ಮೂತ್ರಕೋಶಕ್ಕೆ ಬಿಸಿಜಿ, ಆರು ವಾರ ಮುಗಿದಿದೆ.' ಮಾದರಿ ತಂದವರ ಸಹಿಯ ಜಾಗದಲ್ಲಿ ಅತ್ತಿಗೆಯ ಸಹಿ, ಹೊಲಿಗೆಯ ಹಾಗೆ ಓರೆ ಓರೆ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಸಂಜೆ ಒಂದು ವಿಭಾಗದ ಪುಟವನ್ನು ಇನ್ನೊಂದು ವಿಭಾಗದವರು ಬಂದು ತಾಳೆ ನೋಡಬೇಕು. ಬಾಟಲಿಯ ನಂಬರು, ಪುಸ್ತಕದ ನಂಬರು, ಅಷ್ಟೇ. ನಾಲ್ಕು ಪುಟಗಳಲ್ಲಿ ಮೂರರ ಕೆಳಗೆ ನನ್ನದೇ ಸಹಿ ಇತ್ತು. ಇವರ ಬಾಟಲಿಯನ್ನು ನಾನು ಕೈಯಲ್ಲಿ ಹಿಡಿದಿದ್ದೆ. ನಂಬರು ಓದಿ, ಹೆಸರಿಂದ ಕಣ್ಣು ತಪ್ಪಿಸಿ, ಸಹಿ ಹಾಕಿದ್ದೆ. ಊರಲ್ಲಿ ಬೇರೆ ಆಸ್ಪತ್ರೆ ಇಲ್ಲವೆಂದಲ್ಲ, ಎರಡು ಇವೆ. ಇವರು ಇಲ್ಲಿಗೇ ಬಂದರು, ಯಾಕೆಂದರೆ ಇಲ್ಲಿ ನಾನು ನೋಡುವುದಿಲ್ಲ ಎಂದು ಗೊತ್ತಿತ್ತು. ನನ್ನ ಮಾತೇ ಅವರಿಗೆ ಬಚ್ಚಿಟ್ಟುಕೊಳ್ಳುವ ಜಾಗವಾಯಿತು.

ಬಿಸಿಜಿ ಅಂದರೆ ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕೂಸುಗಳ ತೋಳಿಗೆ ಕ್ಷಯ ಬರದಿರಲಿ ಎಂದು ಚುಚ್ಚುತ್ತಾರಲ್ಲ, ಅದೇ. ಸಾಧು ಮಾಡಿದ, ಆದರೆ ಜೀವವಿರುವ ಕ್ರಿಮಿ. ಮೂತ್ರಕೋಶದ ಒಳಪದರದ ಕ್ಯಾನ್ಸರಿಗೆ ಅದನ್ನೇ ವಾರಕ್ಕೊಮ್ಮೆ ಒಳಗೆ ತುಂಬುತ್ತಾರೆ. ಸಾವಿರಾರು ಜನಕ್ಕೆ ಏನೂ ಆಗುವುದಿಲ್ಲ. ಎಲ್ಲೋ ಒಬ್ಬರಿಗೆ ಅದು ರಕ್ತಕ್ಕೆ ಇಳಿದು, ವರ್ಷಗಟ್ಟಲೆ ಸುಮ್ಮನಿದ್ದು, ನಾಳದ ಗೋಡೆಯಲ್ಲಿ ಏಳುತ್ತದೆ. ನಮ್ಮ ಮಾಮೂಲಿ ತಟ್ಟೆಯಲ್ಲಿ ಅದು ಬೆಳೆಯುವುದಿಲ್ಲ. ಬೇರೆ ಬಣ್ಣ ಹಾಕಬೇಕು, ಬೇರೆ ಆಹಾರ ಕೊಡಬೇಕು, ವಾರಗಟ್ಟಲೆ ಕಾಯಬೇಕು. ಯಾರಾದರೂ ಕೇಳಿದರೆ ತಾನೇ ಮಾಡುವುದು.

ಗುರುವಾರಗಳು ಆಗ ನೆನಪಾದವು. ಎರಡು ವರ್ಷದ ಹಿಂದೆ, ಅಕ್ಕನ ಅಂಗಡಿಯ ಶಟರ್ ಕೆಟ್ಟಿದೆ ಎಂದು ಇವರು ಪ್ರತಿ ಗುರುವಾರ ಹೋಗುತ್ತಿದ್ದರು. ಬಂದವರೇ ಕಕ್ಕಸಿಗೆ ಬ್ಲೀಚಿಂಗ್ ಸುರಿದು ತೊಳೆಯುತ್ತಿದ್ದರು. ಜನ್ಮದಲ್ಲಿ ಪೊರಕೆ ಮುಟ್ಟದ ಗಂಡಸು. ನಾನು ಲ್ಯಾಬಿನಲ್ಲಿ ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೆ, ನಮ್ಮನೆಯವರು ಕಕ್ಕಸು ತೊಳೀತಾರೆ, ನಿಮ್ಮನೆಯವರು ಏನು ಮಾಡ್ತಾರೆ ಅಂತ. ಹಿರಿಯಕ್ಕ ನಗದೆ ತಲೆ ತಗ್ಗಿಸಿದ್ದಳು. ಬಿಸಿಜಿ ತುಂಬಿಸಿಕೊಂಡವರು ಮೂತ್ರ ಮಾಡಿದ ಮೇಲೆ ಬ್ಲೀಚಿಂಗ್ ಸುರಿಯಬೇಕು ಎಂಬುದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದೆ.

ರಿಜಿಸ್ಟರನ್ನು ಎದೆಗೆ ಅವುಚಿಕೊಂಡು ಮೊದಲು ಸರ್ಜನ್ ಹತ್ತಿರ ಹೋದೆ. ಅವರು ಓದಿದರು. ಎರಡು ಸಲ ಓದಿದರು.

"ನೀವೇ ಇಲ್ಲ ಅಂದಿದ್ರಲ್ಲಮ್ಮ. ಎರಡೆರಡು ಸಲ."

"ಹೌದು ಸರ್. ನಾನೇ ಅಂದಿದ್ದೆ."

ಅವರು ಲ್ಯಾಬಿಗೆ ಫೋನ್ ಮಾಡಿದರು. ಶೈತ್ಯಪೆಟ್ಟಿಗೆಯಲ್ಲಿ ಉಳಿಸಿಟ್ಟಿದ್ದ ತುಣುಕಿಗೆ ಕಿರಿಯಕ್ಕ ಬೇರೆ ಬಣ್ಣ ಹಾಕಿದಳು. ಒಂದು ಗಂಟೆ ಹುಡುಕಿದ ಮೇಲೆ ನೀಲಿಯ ನಡುವೆ ಮೂರು ಸಣ್ಣ ಕೆಂಪು ಕಡ್ಡಿಗಳು ಕಂಡವು, ಬಿಸಿಜಿಯ ಕ್ರಿಮಿ. ಅವತ್ತೇ ಸಂಜೆ ಮೂರು ಬಗೆಯ ಕ್ಷಯದ ಮಾತ್ರೆ ಶುರುವಾಯಿತು. ಮರುದಿನ ತೊಡೆಸಂದಿಯ ಉಬ್ಬನ್ನು ಒಡೆಯುವ ಮೊದಲೇ ತೆಗೆದರು. ಹತ್ತನೇ ದಿನಕ್ಕೆ ಸಂಜೆಯ ಜ್ವರ ಬರುವುದನ್ನು ಬಿಟ್ಟಿತು.

ಆ ಹತ್ತು ದಿನವೂ ನಾನು ಒಂದೂ ಮಾತು ಎತ್ತಲಿಲ್ಲ. ಸಾಯುವ ಹಾಗಿರುವವರ ಹತ್ತಿರ ಜಗಳ ಆಡುವುದು ಹೇಗೆ? ಜ್ವರ ಬಿಟ್ಟ ಮರುದಿನ ಅತ್ತಿಗೆಯೂ ಅಲ್ಲೇ ಇದ್ದಳು. ಗ್ಲೂಕೋಸಿನ ಸ್ಟ್ಯಾಂಡು ಪಕ್ಕಕ್ಕೆ ಸರಿಸಿ ಸ್ಟೂಲು ಎಳೆದುಕೊಂಡೆ.

"ರೀ, ಅತ್ತಿಗೆ ಅಂಗಡಿ ಶಟರ್ ಒಟ್ಟು ಎಷ್ಟು ಸಲ ರಿಪೇರಿ ಮಾಡಿದ್ರಿ?"

ಇವರು ಚಾದರದ ಅಂಚು ಹಿಡಿದರು. "ಆರು."

"ಈಗ ಸರಿ ಇದೆಯಾ ಅತ್ತಿಗೆ?"

ಅತ್ತಿಗೆ, "ನಾನೇ ಹೇಳ್ಬೇಡ ಅಂದೆ ಕಣೆ," ಎಂದಳು. "ಆಗ ನಿಂಗೆ ಪರೀಕ್ಷೆ ಬೇರೆ ಇತ್ತು, ಬಡ್ತಿದು. ನೀನು ಅತ್ತು ಕರೆದು..."

"ನಾನು ಯಾವಾಗ ಅತ್ತಿದೀನಿ? ನೀವು ನೋಡಿದ್ದು ಒಂದು ದಿನ ಹೇಳಿ."

ಕೊನೆಗೆ ಅವಳೇ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅಕ್ಕನ್ನ ಬಿಡು," ಎಂದರು ಇವರು. "ಅವಳು ಹೇಳು ಅಂದಿದ್ರೂ ನಾನು ಹೇಳ್ತಿರಲಿಲ್ಲ. ನಿಂಗೆ ಹೇಳಿದ ದಿನದಿಂದ ನಾನು ಮನೇಲಿ ಗಂಡ ಆಗಿರ್ತಿರಲಿಲ್ಲ. ಒಂದು ಬಾಟ್ಲಿ ಆಗಿರ್ತಿದ್ದೆ. ಬೆಳಗಾಗೆದ್ದು ಅಲ್ಲಾಡಿಸಿ ನೋಡ್ತಿದ್ದೆ ನೀನು."

"ಆಯ್ತು. ಅದನ್ನ ಬಿಡ್ತೀನಿ. ಡಾಕ್ಟ್ರು ಕೇಳಿದಾಗ?"

"ನೀನೇ ಇಲ್ಲ ಅಂದುಬಿಟ್ಟೆ."

"ನಾನು ಅಂದೆ. ನೀವು ಕೇಳಿಸ್ಕೊಂಡ್ರಿ."

"ಅಷ್ಟು ಹೆಮ್ಮೆಯಿಂದ ಅಂದೆಯಲ್ಲ ಕಣೆ. ಅವರ ಮುಂದೆ ನಿನ್ನ ಸುಳ್ಳಿ ಮಾಡೋಕೆ ಮನಸ್ಸು ಬರಲಿಲ್ಲ."

ಅಂದರೆ ನನ್ನ ಮಾನ ಉಳಿಸಲಿಕ್ಕೆ ಅವರು ಸಾಯಲು ತಯಾರಿದ್ದರು, ನನ್ನ ಕೈಯಿಂದಲೇ. ಅವರು ಸತ್ತಿದ್ದರೆ ಆ 'ಇಲ್ಲ' ನನ್ನದಾಗಿರುತ್ತಿತ್ತು. ನಾನು ಜೀವನಪೂರ್ತಿ ಆ ಕೋಣೆಯಲ್ಲಿ ಕೂತು ತಟ್ಟೆ ನೋಡುತ್ತಿರುತ್ತಿದ್ದೆ, ಏನೂ ತಿಳಿಯದೆ. ಎದ್ದು ಗ್ಲೂಕೋಸಿನ ಸ್ಟ್ಯಾಂಡನ್ನು ಇದ್ದ ಜಾಗಕ್ಕೆ ಸರಿಸಿ ಹೊರಗೆ ಬಂದೆ.

ಈಗ ಮನೆಯಲ್ಲಿದ್ದಾರೆ. ಕೋಲು ಹಿಡಿದು ನಡೆಯುತ್ತಾರೆ. ಇನ್ನೂ ಎಂಟು ತಿಂಗಳು ಮಾತ್ರೆ. ಅದರಲ್ಲಿ ಒಂದು ಮಾತ್ರೆಗೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮೊದಲ ದಿನ ಬಚ್ಚಲಿಂದಲೇ ಕೂಗಿ ಹೇಳಿದರು. "ಏ ಗುಬ್ಬಿ, ನಮ್ಮ ಗಿರಣಿಯ ಮೂರನೇ ತೊಟ್ಟಿ ಬಣ್ಣ ಬಂದಿದೆ ನೋಡು." ಮಗಳು ನಕ್ಕಳು. ನನಗೆ ನಗು ಬರಲಿಲ್ಲ.

ಇನ್ನೊಂದು ಮಾತ್ರೆ ಕೆಲವರ ಕಣ್ಣಿಗೆ ತೊಂದರೆ ಕೊಡುತ್ತದೆ, ಕೆಂಪು ಹಸಿರು ಮಂಕಾಗುತ್ತವೆ, ಮಂಕಾದರೆ ಅವತ್ತೇ ಹೇಳಿ, ನಿಲ್ಲಿಸಬೇಕು ಎಂದು ಸರ್ಜನ್ ಎಚ್ಚರಿಸಿ ಕಳಿಸಿದ್ದಾರೆ. ಬಣ್ಣದ ಮೇಸ್ತ್ರಿಗೆ ಬಣ್ಣ ಹೋದರೆ ಕೆಲಸ ಹೋದ ಹಾಗೆ. ಕಣ್ಣು ಮಂಕಾದರೆ ಅವರು ಹೇಳುತ್ತಾರೋ, ಮುಚ್ಚಿಡುತ್ತಾರೋ?

ಕಳೆದ ಭಾನುವಾರ ಅವರೇ ಮಾತು ತೆಗೆದರು. ನಾನು ಬಟ್ಟೆ ಮಡಿಸುತ್ತಿದ್ದೆ.

"ಕಣ್ಣಿಂದು ಏನಾದ್ರೂ ಆದ್ರೆ ಮೊದಲು ನಿಂಗೇ ಹೇಳ್ತೀನಿ. ಈ ಸಲ ನಿಜವಾಗ್ಲೂ."

ನಾನು ಗುಬ್ಬಿಯ ಶಾಲೆಯ ಲಂಗ ಮಡಿಸಿದೆ. ಹೊಲಿಗೆ ಡಬ್ಬಿಯಿಂದ ಎರಡು ದಾರದ ಉಂಡೆ ತೆಗೆದು ಅವರ ಮುಂದೆ ಇಟ್ಟೆ. "ಇದರಲ್ಲಿ ಯಾವುದು ಹೆಚ್ಚು ಕೆಂಪು?"

ಅವರು ದಾರ ನೋಡಲಿಲ್ಲ, ನನ್ನನ್ನೇ ನೋಡಿದರು. ಆಮೇಲೆ ಬಲಗಡೆಯದನ್ನು ಮುಟ್ಟಿದರು. ಸರಿಯಾಗಿತ್ತು.

"ಇನ್ನು ಮೇಲೆ ಪ್ರತಿ ಭಾನುವಾರ," ಎಂದೆ.

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ಇಲ್ಲ," ಎಂದೆ. ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಪ್ರತಿ ತಿಂಗಳು ಅವರ ರಕ್ತ ಲ್ಯಾಬಿಗೆ ಬರುತ್ತದೆ. ಕಿರಿಯಕ್ಕ ಪುಸ್ತಕವನ್ನು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿಟ್ಟು ಹೊರಗೆ ಹೋಗುತ್ತಾಳೆ. ತಿರುಗಿಸಿಡದಿದ್ದರೆ ನಾನೇ ಕೇಳಿ ತಗೊಳ್ಳುತ್ತೇನೆ. ರಕ್ತ ಬರದ ದಿನಗಳಲ್ಲೂ ಎಲ್ಲ ವಿಭಾಗಗಳ ಪುಸ್ತಕ ತೆರೆದು, ಹೆಸರಿನ ಸಾಲಿಗೆ ಬೆರಳು ಹಚ್ಚಿ, ಮೇಲಿನಿಂದ ಕೆಳಗೆ ಓದುತ್ತೇನೆ. ಅವರ ಹೆಸರು ಹುಡುಕುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಆ ಮಾತನ್ನು ದಿನವೂ ಮುರಿಯುತ್ತೇನೆ.